ನಗರ ಯೋಜಕರಾಗಿ ಕೆಲಸ ಮಾಡುವುದು ಹೇಗೆ: ಕರ್ನಾಟಕದ ಊರುಗಳಿಗಾಗಿ ಒಂದು ಮಾರ್ಗದರ್ಶಿ

ನಗರ ಯೋಜನೆಯನ್ನು ವೃತ್ತಿಯಾಗಿ ಆಯ್ದುಕೊಳ್ಳುವ ಹೆಚ್ಚಿನವರು ಪರಿಸರಕ್ಕೆ ಹೊರೆಯಾಗದ, ಎಲ್ಲರಿಗೂ ಸಮಾನ ಪಾಲು ಕೊಡುವ ಊರುಗಳನ್ನು ಕಟ್ಟಬೇಕೆಂಬ ಆಸೆ ಹೊತ್ತೇ ಬರುತ್ತಾರೆ. ಆದರೆ ಕಚೇರಿಯ ಮೇಜಿನ ಮೇಲೆ ಆ ಆಸೆ ಆ ರೂಪದಲ್ಲಿ ಎಂದೂ ಬಂದು ನಿಲ್ಲುವುದಿಲ್ಲ. ಅಲ್ಲಿಗೆ ಬರುವುದು ಒಂದು ಸರ್ವೆ ನಂಬರನ್ನು ಕೃಷಿ ವಲಯದಿಂದ ವಸತಿ ವಲಯಕ್ಕೆ ಬದಲಾಯಿಸಿಕೊಡಬೇಕೆಂಬ ಅರ್ಜಿ, ಖಾಸಗಿ ಬಡಾವಣೆಯ ವಿನ್ಯಾಸ ನಕ್ಷೆ, ಮಳೆನೀರು ಹರಿಯುವ ರಾಜಕಾಲುವೆಯ ಅಂಚಿನಲ್ಲಿ ಕಟ್ಟಡ ಕಟ್ಟಲು ಕೋರಿದ ಅನುಮತಿ, ಮಾರುಕಟ್ಟೆ ರಸ್ತೆಯಿಂದ ತಳ್ಳುಗಾಡಿಗಳನ್ನು ತೆರವುಗೊಳಿಸಬೇಕೆಂಬ ಮನವಿ. ಯಾರಿಗೆ ನೆಲ, ಯಾರಿಗೆ ನೀರು, ಯಾರ ಮನೆಯಿಂದ ಬಸ್ಸಿಗೆ ಎಷ್ಟು ದೂರ ಎಂಬುದೆಲ್ಲ ಇಂಥ ಕಡತಗಳಲ್ಲೇ ಇತ್ಯರ್ಥವಾಗುತ್ತದೆ. ಆದ್ದರಿಂದ ಈ ಮಾರ್ಗದರ್ಶಿಯಲ್ಲಿ ನಕ್ಷೆ ಬಿಡಿಸುವ ಕೌಶಲಕ್ಕೆ ಕಡಿಮೆ ಜಾಗವಿದೆ. ಕಡತವನ್ನು ಓದುವುದಕ್ಕೆ, ನೆಲವನ್ನು ಓದುವುದಕ್ಕೆ ಮತ್ತು ಎರಡೂ ತಾಳೆಯಾಗದಿದ್ದಾಗ ಅದನ್ನು ಬರಹದಲ್ಲಿ ದಾಖಲಿಸುವುದಕ್ಕೆ ಹೆಚ್ಚು ಜಾಗವಿದೆ.

ಓದು ಮತ್ತು ಪ್ರವೇಶ

ಪಿಯುಸಿಯಲ್ಲಿ ಗಣಿತ ಓದಿದವರು ನಾಲ್ಕು ವರ್ಷದ ಬಿ.ಪ್ಲಾನ್ ಪದವಿಗೆ ಸೇರಬಹುದು. ರಾಷ್ಟ್ರೀಯ ಮಟ್ಟದ ಸಂಸ್ಥೆಗಳಿಗೆ ಜೆಇಇ ಮೇನ್ ಪರೀಕ್ಷೆಯ 2ಬಿ ಪತ್ರಿಕೆಯನ್ನು ಬರೆಯಬೇಕಾಗುತ್ತದೆ. ದೆಹಲಿ, ಭೋಪಾಲ ಮತ್ತು ವಿಜಯವಾಡದ ಯೋಜನೆ ಮತ್ತು ವಾಸ್ತುಶಿಲ್ಪ ಶಾಲೆಗಳು, ಅಹಮದಾಬಾದಿನ ಸೆಪ್ಟ್ ವಿಶ್ವವಿದ್ಯಾಲಯ, ಖರಗ್‌ಪುರ ಮತ್ತು ರೂರ್ಕಿಯ ಐಐಟಿಗಳು ಈ ವಿಷಯದಲ್ಲಿ ಹೆಸರು ಮಾಡಿದ ಜಾಗಗಳು. ನಮ್ಮಲ್ಲಿ ಮೈಸೂರು ವಿಶ್ವವಿದ್ಯಾನಿಲಯದ ಅಭಿವೃದ್ಧಿ ಅಧ್ಯಯನ ಸಂಸ್ಥೆ ಬಹುಕಾಲದಿಂದ ನಗರ ಮತ್ತು ಪ್ರಾದೇಶಿಕ ಯೋಜನೆಯಲ್ಲಿ ಸ್ನಾತಕೋತ್ತರ ಶಿಕ್ಷಣ ನೀಡುತ್ತ ಬಂದಿದೆ. ಸಿವಿಲ್ ಎಂಜಿನಿಯರಿಂಗ್ ಅಥವಾ ವಾಸ್ತುಶಿಲ್ಪ ಓದಿದವರು ಎರಡು ವರ್ಷದ ಎಂ.ಪ್ಲಾನ್ ಮೂಲಕ ಬರಬಹುದು. ಭೂಗೋಳ, ಅರ್ಥಶಾಸ್ತ್ರ ಅಥವಾ ಸಮಾಜಶಾಸ್ತ್ರದಲ್ಲಿ ಸ್ನಾತಕೋತ್ತರ ಪದವಿ ಪಡೆದವರಿಗೂ ಕೆಲವು ಸಂಸ್ಥೆಗಳು ಬಾಗಿಲು ತೆರೆದಿವೆ. ನನ್ನ ಅಭಿಪ್ರಾಯದಲ್ಲಿ ಸಮಾನತೆಯ ಪ್ರಶ್ನೆಗಳಲ್ಲಿ ಆಸಕ್ತಿ ಇರುವವರಿಗೆ ಈ ಕೊನೆಯ ದಾರಿ ಕೀಳಾದದ್ದೇನೂ ಅಲ್ಲ, ಏಕೆಂದರೆ ಕುಟುಂಬವೊಂದು ಬಾಡಿಗೆ ಕಟ್ಟುವ ಬಗೆಯನ್ನು ಅರಿತವರಿಗೆ ನಕ್ಷೆಯ ತಂತ್ರಾಂಶ ಕಲಿಸುವುದು ಸುಲಭ, ತಂತ್ರಾಂಶ ಬಲ್ಲವರಿಗೆ ಮೊದಲನೆಯದನ್ನು ಕಲಿಸುವುದು ಅಷ್ಟು ಸುಲಭವಲ್ಲ.

ವಾಸ್ತುಶಿಲ್ಪಿಗಳಿಗೆ 1972ರ ಕಾಯ್ದೆಯಡಿ ಶಾಸನಬದ್ಧ ಪರಿಷತ್ತು ಇರುವಂತೆ ಯೋಜಕರಿಗೆ ಇಲ್ಲ. 1951ರಲ್ಲಿ ಸ್ಥಾಪನೆಯಾದ ಭಾರತೀಯ ನಗರ ಯೋಜಕರ ಸಂಸ್ಥೆಯ ಸದಸ್ಯತ್ವವೇ ಈ ಕ್ಷೇತ್ರದಲ್ಲಿ ವೃತ್ತಿಮಾನ್ಯತೆಯ ಗುರುತಾಗಿ ನಡೆದುಬಂದಿದೆ, ಆದ್ದರಿಂದ ಪದವಿಯಾದ ಕೂಡಲೇ ಅದನ್ನು ಪಡೆದುಕೊಳ್ಳಿ. ಕೆಲಸ ಸಿಗುತ್ತದೆಯೇ ಎಂಬ ಪ್ರಶ್ನೆಗೆ ನೀತಿ ಆಯೋಗದ 2021ರ ವರದಿಯಲ್ಲಿ ಒಂದು ಉತ್ತರವಿದೆ. ರಾಜ್ಯಗಳ ನಗರ ಯೋಜನಾ ಇಲಾಖೆಗಳಲ್ಲಿ 12,000ಕ್ಕೂ ಹೆಚ್ಚು ಯೋಜಕರು ಬೇಕಿರುವಾಗ ಮಂಜೂರಾದ ಹುದ್ದೆಗಳು ನಾಲ್ಕು ಸಾವಿರಕ್ಕೂ ಕಡಿಮೆ, ಅವುಗಳಲ್ಲೂ ಶೇ 42ರಷ್ಟು ಖಾಲಿ, ಮತ್ತು ದೇಶದ 7,933 ನಗರ ವಸತಿಗಳಲ್ಲಿ ಶೇ 65ರಷ್ಟಕ್ಕೆ ಮಹಾಯೋಜನೆಯೇ (ಊರಿನ ಯಾವ ನೆಲ ಯಾವ ಬಳಕೆಗೆ ಎಂದು ಗೊತ್ತುಮಾಡುವ ಮಾಸ್ಟರ್ ಪ್ಲಾನ್) ಇಲ್ಲ ಎಂದು ಆ ವರದಿ ಹೇಳಿತು. ಅಗತ್ಯ ದೊಡ್ಡದು, ನೇಮಕಾತಿ ನಿಧಾನ ಎಂಬುದು ಇದರ ಅರ್ಥ. ಪದವಿ ಮುಗಿದ ಮೇಲಿನ ಒಂದೆರಡು ವರ್ಷಗಳನ್ನು ಸರ್ಕಾರಿ ಅಧಿಸೂಚನೆಗೆ ಕಾಯುತ್ತ ಕಳೆಯದೆ ಸಲಹಾ ಸಂಸ್ಥೆಯಲ್ಲೋ ಸ್ವಯಂಸೇವಾ ಸಂಸ್ಥೆಯಲ್ಲೋ ದುಡಿಯುವುದು ಒಳಿತು.

ಕಾನೂನನ್ನು ಮೂಲದಲ್ಲೇ ಓದಿ

ತರಗತಿಯಲ್ಲಿ ಸಿಗುವ ಸಾರಾಂಶಗಳನ್ನು ನಂಬಿ ಕೂರಬೇಡಿ. ಮೊದಲು ಓದಬೇಕಾದದ್ದು 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆ. ಮಹಾಯೋಜನೆಯನ್ನು ಯಾರು ತಯಾರಿಸಬೇಕು, ಕರಡನ್ನು ಜನರ ಮುಂದೆ ಎಷ್ಟು ಕಾಲ ಇಡಬೇಕು, ಭೂಬಳಕೆಯ ಬದಲಾವಣೆಗೆ ಯಾವ ಕಾರಣಗಳು ಸಲ್ಲುತ್ತವೆ, ಬಡಾವಣೆಗೆ ಒಪ್ಪಿಗೆ ಕೊಡುವಾಗ ಏನನ್ನು ನೋಡಬೇಕು ಎಂಬುದೆಲ್ಲ ಅದರಲ್ಲಿದೆ. ಅದರಲ್ಲೂ 14ಎ ಕಲಮನ್ನು ನಿಧಾನವಾಗಿ ಓದಿ. ಭೂಬಳಕೆ ಬದಲಾವಣೆ ಸಾರ್ವಜನಿಕ ಹಿತಕ್ಕೆ ಅನುಗುಣವಾಗಿರಬೇಕು, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು ಕನಿಷ್ಠ ಹದಿನೈದು ದಿನ ಆಕ್ಷೇಪಣೆಗೆ ಅವಕಾಶ ಕೊಡಬೇಕು ಎಂದು ಅದು ಹೇಳುತ್ತದೆ. ಮಹಾಯೋಜನೆಯೊಂದು ಹತ್ತು ವರ್ಷಗಳಲ್ಲಿ ಗುರುತೇ ಸಿಗದಂತೆ ಬದಲಾಗುವುದು ದೊಡ್ಡ ತಿದ್ದುಪಡಿಗಳಿಂದಲ್ಲ, ಒಂದೊಂದೇ ಸರ್ವೆ ನಂಬರಿಗೆ ಸಿಗುವ ಇಂಥ ಬದಲಾವಣೆಗಳಿಂದ.

ಆ ಬಳಿಕ 1976ರ ಬೆಂಗಳೂರು ಅಭಿವೃದ್ಧಿ ಪ್ರಾಧಿಕಾರ ಕಾಯ್ದೆ ಮತ್ತು ಉಳಿದ ನಗರಗಳ ಪ್ರಾಧಿಕಾರಗಳಿಗೆ ಆಧಾರವಾದ 1987ರ ಕಾಯ್ದೆಯನ್ನು ಓದಿ. ಬೆಂಗಳೂರು ಕಾಯ್ದೆಯ ಪ್ರಕಾರ ಪ್ರಾಧಿಕಾರ ರಚಿಸುವ ಬಡಾವಣೆಯ ಒಟ್ಟು ವಿಸ್ತೀರ್ಣದಲ್ಲಿ ಕನಿಷ್ಠ ಶೇ 15ರಷ್ಟನ್ನು ಉದ್ಯಾನ ಮತ್ತು ಆಟದ ಮೈದಾನಗಳಿಗೆ, ಅದರ ಮೇಲೆ ಕನಿಷ್ಠ ಶೇ 10ರಷ್ಟನ್ನು ನಾಗರಿಕ ಸೌಲಭ್ಯಗಳಿಗೆ ಬಿಡಬೇಕು. ಈ ಸಿಎ (ಸಿವಿಕ್ ಅಮೆನಿಟಿ, ಅಂದರೆ ನಾಗರಿಕ ಸೌಲಭ್ಯ) ನಿವೇಶನಗಳೇ ಮುಂದೆ ಸರ್ಕಾರಿ ಶಾಲೆ, ಅಂಗನವಾಡಿ, ಆಸ್ಪತ್ರೆ, ಬಸ್ ನಿಲ್ದಾಣ ಆಗಬೇಕಾದ ನೆಲ. ನಕ್ಷೆಯ ಮೇಲೆ ಪ್ರಮಾಣ ಸರಿಯಿದ್ದರೂ ಅವುಗಳನ್ನು ಯಾವ ಮೂಲೆಗೆ ತಳ್ಳಲಾಗಿದೆ, ಅಲ್ಲಿಗೆ ಎಷ್ಟು ಅಗಲದ ರಸ್ತೆ ಹೋಗುತ್ತದೆ, ಹೈ ಟೆನ್ಷನ್ ತಂತಿಯ ಕೆಳಗಿನ ಜಾಗವನ್ನೇ ಉದ್ಯಾನವೆಂದು ತೋರಿಸಿದ್ದಾರೆಯೇ ಎಂಬುದನ್ನು ನೋಡುವುದು ಯೋಜಕರ ಕೆಲಸ.

ಉದ್ಯಾನಕ್ಕೆಂದು ಬಿಟ್ಟ ನೆಲದ ಬೆಲೆ ಏನೆಂಬುದಕ್ಕೆ ಬೆಂಗಳೂರಿನದೇ ಒಂದು ಪ್ರಕರಣವಿದೆ. ರಾಜಮಹಲ್ ವಿಲಾಸ್ ಬಡಾವಣೆಯಲ್ಲಿ ಉದ್ಯಾನಕ್ಕೆ ಮೀಸಲಾಗಿದ್ದ ನಿವೇಶನವನ್ನು ಖಾಸಗಿ ನರ್ಸಿಂಗ್ ಹೋಂ ಒಂದಕ್ಕೆ ಹಂಚಿಕೆ ಮಾಡಿದ್ದನ್ನು ನಿವಾಸಿಗಳು ಪ್ರಶ್ನಿಸಿದಾಗ, ಸುಪ್ರೀಂ ಕೋರ್ಟ್ 1991ರಲ್ಲಿ ಆ ಹಂಚಿಕೆ ಸಲ್ಲದೆಂದು ತೀರ್ಪಿತ್ತಿತು. ಆಸ್ಪತ್ರೆಯೂ ಜನರಿಗೆ ಬೇಕಾದದ್ದೇ ಎಂಬ ವಾದ ಅಲ್ಲಿ ನಿಲ್ಲಲಿಲ್ಲ. ಈ ತೀರ್ಪನ್ನು ಪೂರ್ತಿಯಾಗಿ ಓದಿ ಇಟ್ಟುಕೊಂಡವರು ಮುಂದೆ ಎಷ್ಟೋ ಕಡತಗಳಲ್ಲಿ ಅದನ್ನು ಉಲ್ಲೇಖಿಸಬೇಕಾಗಿ ಬರುತ್ತದೆ.

1992ರ 74ನೇ ಸಂವಿಧಾನ ತಿದ್ದುಪಡಿ ಜೋಡಿಸಿದ ಹನ್ನೆರಡನೇ ಅನುಸೂಚಿಯಲ್ಲಿ ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ 18 ವಿಷಯಗಳಿವೆ. ಅವುಗಳಲ್ಲಿ ಮೊದಲನೆಯದೇ ನಗರ ಯೋಜನೆ. ಆದರೂ ನಮ್ಮಲ್ಲಿ ಆ ಅಧಿಕಾರ ಬಹುಪಾಲು ಚುನಾಯಿತರಲ್ಲದ ಪ್ರಾಧಿಕಾರಗಳ ಕೈಯಲ್ಲೇ ಉಳಿದು ಬಂದಿದೆ. ಬೆಂಗಳೂರಿನಲ್ಲಂತೂ ಪಾಲಿಕೆಯ ಚುನಾಯಿತ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಮತ್ತು ಅದರಡಿ ಐದು ಪಾಲಿಕೆಗಳು ಬಂದವು. ಹಾಗಾಗಿ ಯಾವುದೇ ಕೆಲಸಕ್ಕೆ ಇಳಿಯುವ ಮುನ್ನ ಆ ನೆಲದ ಮೇಲೆ ಯೋಜನಾ ಅಧಿಕಾರ ಯಾರದು, ಕಟ್ಟಡ ಪರವಾನಗಿ ಯಾರದು, ರಸ್ತೆ ಯಾರದು, ಚರಂಡಿ ಯಾರದು ಎಂದು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ನಾಲ್ಕಕ್ಕೂ ನಾಲ್ಕು ಬೇರೆ ಉತ್ತರ ಬರುವುದು ಅಪರೂಪವಲ್ಲ.

ನೆಲವನ್ನು ಓದುವ ಬಗೆ

ಇದೇ ಈ ವೃತ್ತಿಯ ತಿರುಳು. ಒಂದು ವಾರ್ಡನ್ನೋ ಒಂದು ತಾಲ್ಲೂಕು ಕೇಂದ್ರವನ್ನೋ ಆಯ್ದುಕೊಂಡು ಕೆಳಗೆ ಹೇಳಿದ ಕ್ರಮದಲ್ಲಿ ಅಭ್ಯಾಸ ಮಾಡಿ. ವಿದ್ಯಾರ್ಥಿಗಳೂ ಇದನ್ನು ಮಾಡಬಹುದು, ಯಾರ ಅನುಮತಿಯೂ ಬೇಕಿಲ್ಲ.

ಮೊದಲು ಆ ಪ್ರದೇಶದ ಹಳೆಯ ಗ್ರಾಮ ನಕಾಶೆಯನ್ನು ಪಡೆಯಿರಿ. ಇಂದು ಅಪಾರ್ಟ್‌ಮೆಂಟುಗಳಿರುವ ಜಾಗದಲ್ಲಿ ಹಿಂದೆ ಕೆರೆ, ಕೆರೆಯ ತೂಬು, ಹಳ್ಳ, ಬಂಡಿದಾರಿ, ಗೋಮಾಳ, ಸ್ಮಶಾನ ಎಲ್ಲಿದ್ದವೆಂಬುದು ಅದರಲ್ಲಿ ಕಾಣುತ್ತದೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ ಮೊಬೈಲಿನಲ್ಲಿದ್ದರೆ ನೀವು ನಿಂತ ಜಾಗದ ಸರ್ವೆ ನಂಬರು ಕೂಡಲೇ ತಿಳಿಯುತ್ತದೆ. ಪಹಣಿ ತೆಗೆದು ಖರಾಬು ಕಾಲಂ ನೋಡಿ. ಅ ಖರಾಬು ಸಾಗುವಳಿಗೆ ಒದಗದ ನೆಲ. ಬ ಖರಾಬು ರಸ್ತೆ, ಹಳ್ಳ, ಕಾಲುವೆಯಂಥ ಸಾರ್ವಜನಿಕ ಬಳಕೆಗೆ ಮೀಸಲಾದದ್ದು. ಬಡಾವಣೆಯ ನಕ್ಷೆ ಬಂದಾಗ ಬ ಖರಾಬಿನ ಗುಂಟೆಗಳು ಹೊಸ ನಕ್ಷೆಯಲ್ಲಿ ಎಲ್ಲಿ ಹೋದವೆಂದು ಹುಡುಕುವುದನ್ನು ಅಭ್ಯಾಸ ಮಾಡಿಕೊಂಡರೆ ನಿಮ್ಮ ಅರ್ಧ ಪರಿಶೀಲನೆ ಅಲ್ಲೇ ಮುಗಿಯುತ್ತದೆ. ಕ್ಯೂಜಿಐಎಸ್ ಎಂಬ ಉಚಿತ ತಂತ್ರಾಂಶದಲ್ಲಿ ಈ ಹಳೆಯ ನಕಾಶೆಯನ್ನು ಉಪಗ್ರಹ ಚಿತ್ರದ ಮೇಲೆ ಹೊಂದಿಸಿ ಕೂರಿಸುವುದನ್ನು ಕಲಿಯಿರಿ. ಆರಂಭಕ್ಕೆ ತಂತ್ರಾಂಶದ ಜ್ಞಾನ ಅಷ್ಟಿದ್ದರೆ ಸಾಕು.

ನೀರು ಹರಿಯುವ ದಾರಿಯನ್ನು ಬೇರೆಯಾಗಿ ಗುರುತಿಸಿ. ಬೆಂಗಳೂರು ದಿಣ್ಣೆಯ ಮೇಲಿನ ಊರು; ಅಲ್ಲಿನ ನೀರು ಹೆಬ್ಬಾಳ, ಕೋರಮಂಗಲ–ಚಲ್ಲಘಟ್ಟ ಮತ್ತು ವೃಷಭಾವತಿ ಕಣಿವೆಗಳ ಕಡೆಗೆ ಇಳಿಯುತ್ತದೆ. ಕೆರೆಯಿಂದ ಕೆರೆಗೆ ಕೋಡಿ ಹರಿದು ಹೋಗುವ ಸರಪಳಿಯ ಒಂದು ಕೊಂಡಿ ಮುಚ್ಚಿದರೆ ಮುಳುಗುವುದು ಅಲ್ಲಿ ಮನೆ ಕಟ್ಟಿದವರು ಮಾತ್ರವಲ್ಲ. 2022ರ ಮಳೆಗಾಲದ ಕೊನೆಯಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ಐಷಾರಾಮಿ ವಿಲ್ಲಾಗಳಿಗೂ ನೀರು ನುಗ್ಗಿ ಜನ ಟ್ರ್ಯಾಕ್ಟರ್ ಏರಿ ಹೊರಬಂದದ್ದು ಸುದ್ದಿಯಾಯಿತು. ಅದೇ ತಗ್ಗಿನ ತಗಡಿನ ಮನೆಗಳಿಗೆ ಪ್ರತಿ ಮಳೆಗಾಲವೂ ನುಗ್ಗುವ ನೀರು ಅಷ್ಟು ಸುದ್ದಿಯಾಗುವುದಿಲ್ಲ. ಕೆರೆ, ಕಾಲುವೆಗಳ ಪಕ್ಕದಲ್ಲಿ ಕಟ್ಟಡ ಕಟ್ಟದೆ ಬಿಡಬೇಕಾದ ಮೀಸಲು ಅಂಚಿನ ಅಳತೆಗಳನ್ನು ಬಾಯಿಪಾಠ ಮಾಡಿ ಕೂರುವುದು ಸಾಲದು. 2015ನ್ನು ಗುರಿವರ್ಷವಾಗಿಟ್ಟುಕೊಂಡ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆಯಲ್ಲಿ ಕೆರೆಗೆ 30 ಮೀಟರ್, ಮೂರು ಶ್ರೇಣಿಯ ಕಾಲುವೆಗಳಿಗೆ 50, 25 ಮತ್ತು 15 ಮೀಟರ್ ಎಂದಿತ್ತು. ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2016ರಲ್ಲಿ ಕೆರೆಯ ಅಂಚನ್ನು 75 ಮೀಟರಿಗೆ ಏರಿಸಿ ಕಾಲುವೆಗಳದ್ದನ್ನೂ ಹೆಚ್ಚಿಸಿತು. 2019ರ ಮಾರ್ಚಿನಲ್ಲಿ ಸುಪ್ರೀಂ ಕೋರ್ಟ್ ಆ ಭಾಗವನ್ನು ರದ್ದುಮಾಡಿತು. ಕಡತ ಬಂದ ದಿನ ಜಾರಿಯಲ್ಲಿರುವ ಅಳತೆ ಯಾವುದೆಂದು ಆದೇಶದ ದಿನಾಂಕದೊಡನೆ ಟಿಪ್ಪಣಿಯಲ್ಲಿ ಬರೆಯಿರಿ. ಅಳತೆ ಕಡಿಮೆಯಾದರೂ ಕಣಿವೆಯ ತಗ್ಗು ಕಡಿಮೆಯಾಗುವುದಿಲ್ಲ ಎಂಬುದನ್ನು ಪ್ರವಾಹ ಬಂದ ಜಾಗಗಳ ಪಟ್ಟಿಯೊಂದಿಗೆ ಪ್ರತ್ಯೇಕವಾಗಿ ದಾಖಲಿಸಿ.

ಇನ್ನು ನಡಿಗೆ. ಬೆಳಗಿನ ಆರು ಗಂಟೆಗೊಮ್ಮೆ, ಶಾಲೆ ಬಿಡುವ ಹೊತ್ತಿಗೊಮ್ಮೆ, ರಾತ್ರಿ ಒಂಬತ್ತರ ನಂತರ ಒಮ್ಮೆ ಅದೇ ದಾರಿಯಲ್ಲಿ ನಡೆಯಿರಿ. ಬೆಳಿಗ್ಗೆ ಪೌರಕಾರ್ಮಿಕರು ಎಲ್ಲಿ ಬಟ್ಟೆ ಬದಲಾಯಿಸುತ್ತಾರೆ, ಅವರಿಗೆ ಶೌಚಾಲಯ ಎಲ್ಲಿದೆ, ಮನೆಗೆಲಸದ ಹೆಂಗಸರು ಯಾವ ನಿಲ್ದಾಣದಲ್ಲಿ ಇಳಿದು ಎಷ್ಟು ದೂರ ನಡೆಯುತ್ತಾರೆ, ರಾತ್ರಿ ಯಾವ ಬೀದಿಯಲ್ಲಿ ದೀಪವಿಲ್ಲ ಎಂಬುದನ್ನು ಗುರುತಿಸಿ. ಪಾದಚಾರಿ ಮಾರ್ಗವನ್ನು ಟೇಪು ಹಿಡಿದು ಅಳೆಯಿರಿ. ಭಾರತೀಯ ರಸ್ತೆ ಕಾಂಗ್ರೆಸ್ಸಿನ ಮಾನದಂಡದ ಪ್ರಕಾರ ಅಡೆತಡೆಯಿಲ್ಲದ ಕನಿಷ್ಠ 1.8 ಮೀಟರ್ ಅಗಲ ಇರಬೇಕು, ಅಂಚುಗಲ್ಲಿನ ಎತ್ತರ 150 ಮಿಲಿಮೀಟರ್ ಮೀರಬಾರದು. ನಮ್ಮ ಊರುಗಳಲ್ಲಿ ಮೊಣಕಾಲೆತ್ತರದ ಪಾದಚಾರಿ ಮಾರ್ಗಗಳು ಎಷ್ಟಿವೆಯೆಂದು ಲೆಕ್ಕ ಹಾಕಿದರೆ ವಯಸ್ಸಾದವರೇಕೆ ರಸ್ತೆಯಲ್ಲೇ ನಡೆಯುತ್ತಾರೆಂಬುದು ಬೇರೆ ಹೇಳಬೇಕಾಗುವುದಿಲ್ಲ. ಟ್ರಾನ್ಸ್‌ಫಾರ್ಮರ್, ಕಸದ ರಾಶಿ, ನಿಲ್ಲಿಸಿದ ಬೈಕು ಕಳೆದು ಉಳಿದ ಅಗಲವನ್ನೇ ನಿಮ್ಮ ವರದಿಯಲ್ಲಿ ಬರೆಯಿರಿ.

ಹಿಂದಿನ ಯೋಜಕರ ಕೆಲಸವನ್ನೂ ಇದೇ ಕಣ್ಣಿನಿಂದ ನೋಡಿ. ಮೈಸೂರಿನಲ್ಲಿ 1903ರಲ್ಲೇ ನಗರ ಸುಧಾರಣಾ ಮಂಡಳಿ ಸ್ಥಾಪನೆಯಾಗಿತ್ತು ಎಂಬುದು ನಮ್ಮ ಹೆಮ್ಮೆ. 1898ರ ಪ್ಲೇಗಿನ ಕಾಲದಲ್ಲಿ ಬೆಳೆದ ಮಲ್ಲೇಶ್ವರ, ಬಸವನಗುಡಿಗಳು ಗಾಳಿ ಬೆಳಕಿನ ಬಡಾವಣೆಗಳೆಂದು ಇಂದಿಗೂ ಹೊಗಳಿಸಿಕೊಳ್ಳುತ್ತವೆ. ಆದರೆ ಅಲ್ಲಿನ ಮನೆಗಳ ಹಿಂದೆ ಹಾದುಹೋಗುವ ಕಿರಿದಾದ ಕನ್ಸರ್ವೆನ್ಸಿ ಗಲ್ಲಿಗಳು ಮಲ ಹೊರುವವರು ಮುಂಬಾಗಿಲಿಗೆ ಬಾರದೆ ಹಿಂದಿನಿಂದಲೇ ಬಂದು ಹೋಗಲೆಂದು ಬಿಟ್ಟ ದಾರಿಗಳು. ಸುಂದರವಾದ ವಿನ್ಯಾಸದೊಳಗೆ ಜಾತಿ ಹೇಗೆ ಅಳತೆಯಾಗಿ ಕೂತಿರುತ್ತದೆಂಬುದನ್ನು ಕಲಿಯಲು ಬೇರೆಲ್ಲೂ ಹೋಗಬೇಕಿಲ್ಲ.

ಪ್ರತಿ ಪ್ರಸ್ತಾವಕ್ಕೂ ಕೇಳಬೇಕಾದ ಪ್ರಶ್ನೆಗಳು

ಯಾವುದೇ ಪ್ರಸ್ತಾವ ಬಂದಾಗ ಟಿಪ್ಪಣಿ ಹಾಳೆಯಲ್ಲಿ ಮೂರು ಪ್ರಶ್ನೆಗಳಿಗೆ ಉತ್ತರ ಬರೆಯುವ ಕ್ರಮ ಇಟ್ಟುಕೊಳ್ಳಿ: ಇದರ ಲಾಭ ಯಾರಿಗೆ, ಇದರ ವೆಚ್ಚ ಯಾರ ಮೇಲೆ, ಇದಕ್ಕಾಗಿ ಜಾಗ ಬಿಡಬೇಕಾದವರು ಯಾರು. ಉತ್ತರದಲ್ಲಿ ‘ಸಾರ್ವಜನಿಕರು’ ಎಂಬ ಪದ ಬಂದರೆ ಅದನ್ನು ಒಡೆದು ಬರೆಯಿರಿ: ಬಾಡಿಗೆದಾರರೇ, ಮನೆ ಮಾಲೀಕರೇ, ತಳ್ಳುಗಾಡಿಯವರೇ, ಕಾರಿನವರೇ, ಬಸ್ಸಿನವರೇ.

ನೀರಿನ ವಿಷಯದಲ್ಲಿ ಈ ಪ್ರಶ್ನೆಗಳನ್ನು ಕೇಳಿ ನೋಡೋಣ. ಕಾವೇರಿ ನೀರು ಮಂಡ್ಯ ಜಿಲ್ಲೆಯ ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ, ಸುಮಾರು 500 ಮೀಟರ್ ಎತ್ತರಕ್ಕೆ ಏರಿ ಬೆಂಗಳೂರನ್ನು ತಲುಪುತ್ತದೆ. ಪ್ರತಿ ಲೀಟರಿನಲ್ಲೂ ವಿದ್ಯುತ್ ಖರ್ಚು ಅಡಗಿದೆ. 2007ರಲ್ಲಿ 110 ಹಳ್ಳಿಗಳು ಬೆಂಗಳೂರು ಮಹಾನಗರ ಪಾಲಿಕೆಗೆ ಸೇರಿದವು. ಆ ಹಳ್ಳಿಗಳನ್ನು ಮುಖ್ಯವಾಗಿ ಉದ್ದೇಶಿಸಿದ, ದಿನಕ್ಕೆ 775 ದಶಲಕ್ಷ ಲೀಟರಿನ ಕಾವೇರಿ ಐದನೇ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ ವರ್ಷಗಳಲ್ಲಿ ಆ ಪ್ರದೇಶದಲ್ಲಿ ಕಟ್ಟಡಗಳಿಗೆ ಅನುಮತಿ ಸಿಗುತ್ತಲೇ ಇತ್ತು, ಜನ ಕೊಳವೆಬಾವಿ ಮತ್ತು ಟ್ಯಾಂಕರನ್ನು ನೆಚ್ಚಿ ಬದುಕಿದರು, 2024ರ ಬೇಸಿಗೆಯಲ್ಲಿ ಕೊಳವೆಬಾವಿಗಳು ಬತ್ತಿದಾಗ ಟ್ಯಾಂಕರಿಗೆ ಹಣ ತೆರಲಾರದವರು ಬಿಂದಿಗೆ ಹಿಡಿದು ಸಾಲಿನಲ್ಲಿ ನಿಂತರು. ನಗರದ ಮಿತಿಯನ್ನು ಹಿಗ್ಗಿಸುವ ಯಾವುದೇ ಪ್ರಸ್ತಾವದ ಜೊತೆಗೆ ನೀರು ಯಾವ ವರ್ಷ, ಯಾವ ಮೂಲದಿಂದ, ಯಾವ ದರದಲ್ಲಿ ತಲುಪುತ್ತದೆಂಬ ಪುಟವನ್ನು ಕಡ್ಡಾಯವಾಗಿ ಲಗತ್ತಿಸಿ. ಇದೇ ನೀರಿನ ಇನ್ನೊಂದು ತುದಿಯನ್ನೂ ನೋಡಿ. ಬೆಂಗಳೂರಿನ ಸಂಸ್ಕರಿತ ತ್ಯಾಜ್ಯ ನೀರು ದಿನಕ್ಕೆ 440 ದಶಲಕ್ಷ ಲೀಟರ್ ಗುರಿಯ ಯೋಜನೆಯಡಿ 2018ರಿಂದ ಕೋಲಾರದ ಕೆರೆಗಳನ್ನು ಸೇರುತ್ತಿದೆ. ಅಂತರ್ಜಲ ಏರಿದ್ದಕ್ಕೆ ಸಂತೋಷ ಪಡುವ ರೈತರೂ, ಮೂರನೇ ಹಂತದ ಶುದ್ಧೀಕರಣವಿಲ್ಲದ ನೀರು ನಮ್ಮ ಕೆರೆಗೇಕೆ ಎಂದು ಕೇಳುವ ರೈತರೂ ಅಲ್ಲಿದ್ದಾರೆ. ಊರಿನ ಗಡಿಯ ಹೊರಗೆ ಬೀಳುವ ಪರಿಣಾಮವನ್ನು ಲೆಕ್ಕಕ್ಕೆ ಹಿಡಿಯದ ಯೋಜನೆಯನ್ನು ಸುಸ್ಥಿರ ಎಂದು ಕರೆಯಲು ಬರುವುದಿಲ್ಲ.

ಸಂಚಾರದಲ್ಲೂ ಹಾಗೆಯೇ. ಹುಬ್ಬಳ್ಳಿ–ಧಾರವಾಡದ ನಡುವೆ 2018ರಲ್ಲಿ ಓಡಲು ಶುರುವಾದ ‘ಚಿಗರಿ’ ಬಸ್ಸುಗಳಿಗೆ ರಸ್ತೆಯ ನಡುವೆ ಪ್ರತ್ಯೇಕ ಪಥವಿದೆ, ನಿಲ್ದಾಣಗಳೂ ನಡುವೆಯೇ ಇವೆ. ಬಸ್ಸಿನ ವೇಗ ಎಷ್ಟು ಹೆಚ್ಚಿತೆಂಬುದರ ಜೊತೆಗೆ, ನಿಲ್ದಾಣ ತಲುಪಲು ಒಬ್ಬ ಅಜ್ಜಿ ಎಷ್ಟು ಪಥಗಳನ್ನು ದಾಟಬೇಕು, ಪಕ್ಕದ ಪಥದಲ್ಲಿ ಉಳಿದ ಬಸ್ಸುಗಳಲ್ಲಿ ಹೋಗುವವರಿಗೆ ಏನಾಯಿತು ಎಂದೂ ಅಳೆಯಬೇಕು. ರಾಜ್ಯದಲ್ಲಿ 2023ರ ಜೂನ್‌ನಿಂದ ಮಹಿಳೆಯರಿಗೆ ಸರ್ಕಾರಿ ಬಸ್ಸಿನಲ್ಲಿ ಉಚಿತ ಪ್ರಯಾಣವಿದೆ. ಟಿಕೆಟ್ಟಿನ ಅಡ್ಡಿ ಹೋದಮೇಲೆ ಉಳಿಯುವ ಅಡ್ಡಿ ನಿಲ್ದಾಣದವರೆಗಿನ ದಾರಿಯದು, ಅದು ನೇರವಾಗಿ ಯೋಜಕರ ಪಾಲಿನ ಕೆಲಸ.

ಬೀದಿ ಬದಿ ವ್ಯಾಪಾರದ ಕಡತಗಳಲ್ಲಿ 2014ರ ಕೇಂದ್ರ ಕಾಯ್ದೆಯನ್ನು ಪಕ್ಕದಲ್ಲಿಟ್ಟುಕೊಳ್ಳಿ. ವ್ಯಾಪಾರಿಗಳ ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಯಾರನ್ನೂ ಎಬ್ಬಿಸುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ ಶೇ 40ರಷ್ಟು ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಮಹಿಳೆಯರು. ವಾರ್ಡಿನ ಅಥವಾ ಪಟ್ಟಣದ ಜನಸಂಖ್ಯೆಯ ಶೇ 2.5ರವರೆಗೆ ವ್ಯಾಪಾರಿಗಳಿಗೆ ಜಾಗ ಒದಗಿಸಬೇಕು. ಒಂದು ಲಕ್ಷ ಜನರ ಪಟ್ಟಣಕ್ಕೆ ಅದು 2,500 ಮಂದಿಯ ಲೆಕ್ಕ. ಬಸ್ ನಿಲ್ದಾಣದ ವಿನ್ಯಾಸ ಮಾಡುವಾಗಲೇ ಹೂವಿನವರಿಗೆ, ಹಣ್ಣಿನವರಿಗೆ ನೆಲ, ನೀರು, ದೀಪ ಗುರುತಿಸಿಟ್ಟರೆ ಆಮೇಲೆ ತೆರವು ಕಾರ್ಯಾಚರಣೆಯ ಪ್ರಮೇಯ ಬರುವುದಿಲ್ಲ.

ಅನಧಿಕೃತ ಬಡಾವಣೆಗಳ ಬಗ್ಗೆ ಒಂದು ಮಾತು ಇಲ್ಲೇ ಹೇಳಬೇಕು. ಕಂದಾಯ ನಿವೇಶನ (ಬಡಾವಣೆಯ ಒಪ್ಪಿಗೆಯಿಲ್ಲದೆ ಕೃಷಿ ನೆಲದಲ್ಲಿ ಮಾಡಿದ ನಿವೇಶನ) ಕೊಂಡವರನ್ನು, ಬಿ ಖಾತಾದವರನ್ನು (ಪೂರ್ಣ ಅನುಮೋದನೆಯಿಲ್ಲದ ಆಸ್ತಿಗಳ ಪ್ರತ್ಯೇಕ ವಹಿಯಲ್ಲಿ ಹೆಸರಿರುವವರನ್ನು) ಕಾನೂನು ಮುರಿದವರೆಂದು ಕಾಣುವುದು ಕಚೇರಿಗಳಲ್ಲಿ ಸಹಜವಾಗಿಬಿಟ್ಟಿದೆ. ಅಧಿಕೃತ ನಿವೇಶನ ಆಟೊ ಚಾಲಕರ, ಗಾರ್ಮೆಂಟ್ ಕಾರ್ಮಿಕರ ಕೈಗೆ ಎಟುಕದ ಬೆಲೆಯಲ್ಲಿದ್ದರೆ ಅವರು ಎಟುಕುವ ಕಡೆ ಕೊಳ್ಳುತ್ತಾರೆ. ದಂಡ ಮತ್ತು ಸಕ್ರಮದ ಚರ್ಚೆಗೆ ಮುನ್ನ ನಿಮ್ಮ ಯೋಜನಾ ಪ್ರದೇಶದಲ್ಲಿ ಕಳೆದ ದಶಕದಲ್ಲಿ ಸಣ್ಣ ಅಳತೆಯ ಅಧಿಕೃತ ನಿವೇಶನಗಳು ಎಷ್ಟು ಬಂದವು, ಆ ಅವಧಿಯಲ್ಲಿ ಎಷ್ಟು ಕುಟುಂಬಗಳು ಹೆಚ್ಚಿದವು ಎಂಬ ಕೋಷ್ಟಕವನ್ನು ಮೇಲಧಿಕಾರಿಗಳ ಮುಂದಿಡಿ. ಕೊಳೆಗೇರಿಗಳ ವಿಷಯದಲ್ಲಿ 1973ರ ರಾಜ್ಯ ಕಾಯ್ದೆಯಡಿ ಘೋಷಣೆಯಾಗಿದೆಯೇ ಎಂಬುದನ್ನು ಮೊದಲು ನೋಡಿ. ಘೋಷಣೆಯಾಗದ ಕೇರಿಗಳು ಯಾವ ಪಟ್ಟಿಯಲ್ಲೂ ಇರುವುದಿಲ್ಲ, ಹಾಗಾಗಿ ನಕ್ಷೆಯಲ್ಲಿ ಖಾಲಿ ನೆಲವಾಗಿ ಕಾಣಿಸುತ್ತವೆ. ಅವುಗಳನ್ನು ನಕ್ಷೆಗೆ ತರುವುದೇ ಆ ಜನರಿಗೆ ನೀವು ಮಾಡಬಹುದಾದ ಮೊದಲ ಕೆಲಸ.

ಹಣದ ಲೆಕ್ಕವನ್ನು ಎಂಜಿನಿಯರುಗಳಿಗೆ ಬಿಟ್ಟು ಕೂರಬೇಡಿ. ರಾಜ್ಯದ ನಗರ ಸ್ಥಳೀಯ ಸಂಸ್ಥೆಗಳು ತಮ್ಮ ಅನುದಾನದಲ್ಲಿ ಶೇ 24.10ರಷ್ಟನ್ನು ಪರಿಶಿಷ್ಟ ಜಾತಿ ಮತ್ತು ಪಂಗಡಗಳಿಗೆ, ಶೇ 7.25ರಷ್ಟನ್ನು ಇತರ ಬಡವರಿಗೆ, ಶೇ 5ರಷ್ಟನ್ನು ಅಂಗವಿಕಲರಿಗೆ ತೆಗೆದಿಡುತ್ತವೆ. ಈ ಹಣ ವರ್ಷಾಂತ್ಯದಲ್ಲಿ ಹೇಗೋ ಖರ್ಚಾಗುವುದರ ಬದಲು ನಿಮ್ಮ ವಾರ್ಡ್ ಅಧ್ಯಯನದಲ್ಲಿ ಕಂಡ ಕೊರತೆಗಳಿಗೆ ಹೊಂದುವಂತೆ ಕ್ರಿಯಾಯೋಜನೆ ಬರೆದುಕೊಟ್ಟರೆ, ಅದನ್ನು ಬೇಡವೆನ್ನುವ ಮುಖ್ಯಾಧಿಕಾರಿಗಳು ಕಡಿಮೆ.

ಜನರ ಮಾತನ್ನು ಕೇಳುವ ಬಗೆ

ಕರಡು ಮಹಾಯೋಜನೆ ಪ್ರಕಟವಾದ ಮೇಲೆ ಆಕ್ಷೇಪಣೆ ಮತ್ತು ಸಲಹೆಗಳಿಗೆ 60 ದಿನ ಇರುತ್ತದೆ. 2031 ಗುರಿವರ್ಷವಾಗಿದ್ದ ಬೆಂಗಳೂರಿನ ಕರಡು 2017ರ ನವೆಂಬರಿನಲ್ಲಿ ಹೊರಬಂದಾಗ ಸಂಪುಟಗಟ್ಟಲೆ ದಾಖಲೆಗಳನ್ನು ಓದಿ ಆಕ್ಷೇಪಣೆ ಬರೆಯುವುದು ಪರಿಣತರ ನೆರವಿದ್ದ ಬಡಾವಣೆಗಳಿಗೆ ಸಾಧ್ಯವಾಯಿತು, ಅಷ್ಟು ಅನುಕೂಲವಿಲ್ಲದವರಿಗೆ ಕಷ್ಟವಾಯಿತು. ಮುಂದೆ ಆ ಕರಡನ್ನೇ ಹಿಂಪಡೆಯಲಾಗಿ, 2007ರಲ್ಲಿ ಅನುಮೋದನೆಯಾದ ಹಳೆಯ ಯೋಜನೆಯೇ ತನ್ನ ಗುರಿವರ್ಷ ದಾಟಿಯೂ ಮುಂದುವರಿಯಿತು. ನಿಮ್ಮ ಊರಿನಲ್ಲಿ ಕರಡು ಬಂದಾಗ ವಾರ್ಡಿಗೊಂದು ಹಾಳೆಯ ಕನ್ನಡ ನಕ್ಷೆ ಮಾಡಿ. ಅದರಲ್ಲಿ ಸರ್ವೆ ನಂಬರಿನ ಜೊತೆಗೆ ಜನ ಬಳಸುವ ಗುರುತುಗಳಿರಲಿ: ಮಾರಮ್ಮನ ಗುಡಿ, ಸರ್ಕಾರಿ ಶಾಲೆ, ನ್ಯಾಯಬೆಲೆ ಅಂಗಡಿ, ಹಳೇ ಬಾವಿ. ಸಭೆಯನ್ನು ಸಂಜೆ ಆರರ ನಂತರ ಅಥವಾ ಭಾನುವಾರ ಕೇರಿಯೊಳಗೇ ಇಡಿ, ಏಕೆಂದರೆ ಕೂಲಿಯವರಿಗೆ ಕಚೇರಿ ವೇಳೆಯ ಸಭೆ ಎಂದರೆ ಅರ್ಧ ದಿನದ ಕೂಲಿ ನಷ್ಟ. ಹೆಂಗಸರ ಸಭೆಯನ್ನು ಬೇರೆಯಾಗಿಯೂ ಒಮ್ಮೆ ಮಾಡಿ. ಸ್ವಸಹಾಯ ಸಂಘದವರು, ಆಶಾ ಕಾರ್ಯಕರ್ತೆಯರು ಮತ್ತು ಅಂಗನವಾಡಿಯವರ ನೆರವು ಪಡೆಯಿರಿ, ಅವರಿಗೆ ಪ್ರತಿ ಮನೆಯೂ ಗೊತ್ತು.

ಮಾತಿನಲ್ಲಿ ಬಂದ ಆಕ್ಷೇಪಣೆಯನ್ನು ನೀವೇ ಬರೆದು, ಓದಿ ಹೇಳಿ, ಸಹಿ ಅಥವಾ ಹೆಬ್ಬೆಟ್ಟು ಪಡೆದು, ಸಂಖ್ಯೆ ಕೊಟ್ಟು, ಸ್ವೀಕೃತಿ ಕೊಡಿ. ಪ್ರತಿಯೊಂದಕ್ಕೂ ಒಪ್ಪಿದೆ ಅಥವಾ ಒಪ್ಪಿಲ್ಲ ಎಂಬುದರ ಮುಂದೆ ಕಾರಣದ ಒಂದೆರಡು ವಾಕ್ಯ ಇರಲೇಬೇಕು. ‘ಪರಿಶೀಲಿಸಲಾಗಿದೆ’ ಎಂಬ ಒಂದೇ ಪದದಿಂದ ನೂರಾರು ಅರ್ಜಿಗಳನ್ನು ಮುಗಿಸುವ ರೂಢಿಯನ್ನು ನೀವು ಮುಂದುವರಿಸಬೇಡಿ. ಅಂಥ ಕಡತ ನ್ಯಾಯಾಲಯದಲ್ಲೂ ನಿಲ್ಲುವುದು ಕಷ್ಟ.

ಎಲ್ಲಿ ಸೇರಬೇಕು, ಹೇಗೆ ಉಳಿಯಬೇಕು

ಸರ್ಕಾರಿ ಸೇವೆಗೆ ಕರ್ನಾಟಕ ಲೋಕಸೇವಾ ಆಯೋಗದ ನೇಮಕಾತಿಯ ಮೂಲಕ ನಗರ ಮತ್ತು ಗ್ರಾಮಾಂತರ ಯೋಜನಾ ಇಲಾಖೆ ಸೇರಬಹುದು. ಅಲ್ಲಿಂದ ಪ್ರಾಧಿಕಾರಗಳಿಗೂ ಪಾಲಿಕೆಗಳಿಗೂ ನಿಯೋಜನೆ ಆಗುತ್ತದೆ. ವಿದ್ಯಾರ್ಹತೆಯ ಷರತ್ತುಗಳು ಅಧಿಸೂಚನೆಯಿಂದ ಅಧಿಸೂಚನೆಗೆ ಬದಲಾಗಬಹುದಾದ್ದರಿಂದ ಪ್ರತಿ ಬಾರಿಯೂ ಹೊಸದಾಗಿ ಓದಿ. ಕಡತಗಳ ಭಾಷೆ ಕನ್ನಡ. ಇಂಗ್ಲಿಷಿನಲ್ಲಿ ಮಾತ್ರ ಯೋಜನೆ ಓದಿದವರು ಟಿಪ್ಪಣಿ ಬರೆಯುವ ಕನ್ನಡವನ್ನು ಮೊದಲೇ ರೂಢಿಸಿಕೊಳ್ಳಬೇಕು. ಸಂಚಾರದಲ್ಲಿ ಆಸಕ್ತಿ ಇರುವವರಿಗೆ ನಗರ ಭೂ ಸಾರಿಗೆ ನಿರ್ದೇಶನಾಲಯ, ಮೂಲಸೌಕರ್ಯದ ಕಡೆಗೆ ಒಲವಿರುವವರಿಗೆ ಕರ್ನಾಟಕ ನಗರ ಮೂಲಸೌಕರ್ಯ ಅಭಿವೃದ್ಧಿ ಮತ್ತು ಹಣಕಾಸು ನಿಗಮ, ಸಂಶೋಧನೆಗೆ ಬೆಂಗಳೂರಿನ ಭಾರತೀಯ ಮಾನವ ವಸತಿ ಸಂಸ್ಥೆಯಂಥ ಜಾಗಗಳಿವೆ. ಬೆಂಗಳೂರಿನಾಚೆಗೂ ನೋಡಿ ಎಂಬುದು ನನ್ನ ಸಲಹೆ. 2011ರ ಜನಗಣತಿಯಲ್ಲೇ ರಾಜ್ಯದ ಶೇ 38ಕ್ಕೂ ಹೆಚ್ಚು ಜನ ನಗರವಾಸಿಗಳಾಗಿದ್ದರು, ಮತ್ತು ಗಂಗಾವತಿ, ರಾಣೆಬೆನ್ನೂರು, ಚಿಂತಾಮಣಿಯಂಥ ಊರುಗಳಲ್ಲಿ ಕೆರೆ, ಗೋಮಾಳ, ರಸ್ತೆಯ ಅಗಲ ಇವುಗಳನ್ನು ಉಳಿಸಿಕೊಳ್ಳಲು ಇನ್ನೂ ಕಾಲಾವಕಾಶವಿದೆ.

ಒತ್ತಡ ಬಂದೇ ಬರುತ್ತದೆ. ಮೌಖಿಕ ಸೂಚನೆ ಬಂದಾಗ ‘ಮಾನ್ಯರು ದೂರವಾಣಿಯಲ್ಲಿ ಸೂಚಿಸಿದಂತೆ’ ಎಂದು ಟಿಪ್ಪಣಿಯಲ್ಲಿ ಬರೆದು ಲಿಖಿತ ಆದೇಶ ಕೋರುವುದು ಹಳೆಯ, ಸಭ್ಯವಾದ, ಪರಿಣಾಮಕಾರಿ ಕ್ರಮ. ಒಪ್ಪದ ವಿಷಯಕ್ಕೆ ಭಿನ್ನ ಅಭಿಪ್ರಾಯವನ್ನು ಕಲಮಿನ ಸಂಖ್ಯೆ, ಅಳತೆ ಮತ್ತು ಛಾಯಾಚಿತ್ರಗಳೊಂದಿಗೆ ಬರೆಯಿರಿ. ಕೋಪದ ವಿಶೇಷಣಗಳನ್ನು ಬಿಟ್ಟುಬಿಡಿ. ಮೇಲಿನವರು ಅದನ್ನು ತಳ್ಳಿಹಾಕಬಹುದು, ಆದರೆ ಮಾಹಿತಿ ಹಕ್ಕಿನಡಿ ಕಡತ ಹೊರಬಂದ ದಿನ ಊರಿನವರ ಕೈಗೆ ಸಿಗುವ ಆಧಾರ ನಿಮ್ಮ ಆ ಒಂದು ಪುಟವೇ. ವರ್ಗಾವಣೆ ಆದೇಶ ಬಂದಾಗ ಅಧಿಕಾರ ಹಸ್ತಾಂತರದ ಪಟ್ಟಿಗೆ ಮೂರು ವಿಷಯ ಸೇರಿಸಿ ಹೋಗಿ: ವಿಚಾರಣೆಯಲ್ಲಿರುವ ಭೂಬಳಕೆ ಬದಲಾವಣೆಗಳು, ಇನ್ನೂ ಪ್ರಾಧಿಕಾರದ ಸ್ವಾಧೀನಕ್ಕೆ ಬಾರದ ಉದ್ಯಾನ ಹಾಗೂ ಸಿಎ ನಿವೇಶನಗಳು, ಮತ್ತು ನಕ್ಷೆಗೆ ಸೇರಿಸಲು ಬಾಕಿ ಉಳಿದ ಕೇರಿಗಳು. ಬಳಿಕ ಬರುವವರು ಸಾಮಾನ್ಯವಾಗಿ ಮೊದಲ ವಾರ ಓದುವುದು ಆ ಪಟ್ಟಿಯನ್ನೇ.